ಮೇಷ್ಟ್ರು ಮಾಡಿದ್ದೇನು?

— ಸರ್ಕಾರಿ ಶಾಲೆಗಳ ಶತಮಾನೋತ್ಸವದ ಸ್ಮರಣ ಸಂಚಿಕೆಗಳ ಮೇಲೆ ನಿಮಗೇಕೆ ಇಷ್ಟು ಸಿಟ್ಟು? ಹಳೆಯ ವಿದ್ಯಾರ್ಥಿಗಳು ತಮ್ಮ ಮೇಷ್ಟ್ರನ್ನು ನೆನೆದು ನಾಲ್ಕು ಸಾಲು ಬರೆಯುತ್ತಾರೆ. ಅಷ್ಟು ಕೃತಜ್ಞತೆಯೂ ಬೇಡವೆ?

— ಕೃತಜ್ಞತೆ ಇರಲಿ. ಆ ಬರಹಗಳಲ್ಲಿ ಮೇಷ್ಟ್ರೇ ಇರುವುದಿಲ್ಲ, ನನ್ನ ತಕರಾರು ಅದು. ಬಿಳಿ ಪಂಚೆ, ಕರಿ ಕೋಟು, ಶಿಸ್ತು, ಸರಳತೆ, ನಿಸ್ವಾರ್ಥ ಸೇವೆ, ಕೈಯಲ್ಲಿ ಬೆತ್ತ, ಒಳಗೆ ತಾಯಿಕರುಳು. ಹೆಸರೊಂದನ್ನು ಬದಲಿಸಿದರೆ ಬೀದರ್‌ನ ಮೇಷ್ಟ್ರು ಬಂಟ್ವಾಳದ ಮೇಷ್ಟ್ರಾಗಿಬಿಡುತ್ತಾರೆ. ಗುಣಗಳ ಪಟ್ಟಿ ಓದಿದ ಮೇಲೂ ಆ ಮನುಷ್ಯ ಏನು ಮಾಡಿದ, ಯಾರ ಮನೆಗೆ ಹೋದ, ಯಾವ ಅರ್ಜಿ ತುಂಬಿಸಿದ ಎಂಬುದು ಗೊತ್ತಾಗುವುದಿಲ್ಲ. ಒಬ್ಬ ಶಾಲಾ ಮೇಷ್ಟ್ರು ಒಂದು ಬದುಕಿನಲ್ಲಿ ಉಳಿದುಹೋಗುವುದು ಗುಣದಿಂದಲ್ಲ, ಒಂದು ಕೆಲಸದಿಂದ ಎಂದು ನನ್ನ ವಾದ. ಓದು ಇನ್ನು ನಿಂತೇಹೋಗುತ್ತದೆ ಎನ್ನುವ ಕಡೆ ಅದು ನಿಲ್ಲದಂತೆ ಅವರು ಏನೋ ಒಂದು ಮಾಡಿರುತ್ತಾರೆ. ಆ ಕೆಲಸಕ್ಕೆ ತಾರೀಖು ಇರುತ್ತದೆ, ಸಾಕ್ಷಿ ಇರುತ್ತದೆ, ಎದುರು ನಿಂತವರೂ ಇರುತ್ತಾರೆ. ಅದನ್ನು ಬಿಟ್ಟು ಬರೆದ ನೆನಪು ಹೊಗಳಿಕೆಯಾದೀತು, ಮೇಷ್ಟ್ರ ನೆನಪಾಗದು.

— ಒಂದು ಕೆಲಸ ಎನ್ನುತ್ತೀರಿ. ದಿನವೂ ತರಗತಿಯಲ್ಲಿ ನಿಂತು ಕಲಿಸಿದ್ದು ಕೆಲಸವಲ್ಲವೆ? ಮಗ್ಗಿ, ಕಾಗುಣಿತ, ಹಳಗನ್ನಡದ ಪದ್ಯ, ಇವೆಲ್ಲ ಲೆಕ್ಕಕ್ಕಿಲ್ಲವೆ?

— ಲೆಕ್ಕಕ್ಕಿವೆ. ಆದರೆ ಎಲ್ಲಿ ಇವೆ ಎಂಬುದನ್ನು ಒಂದು ನಿಜ ಪ್ರಕರಣದ ಮೇಲೆ ನೋಡೋಣ. ಫ್ರೆಂಚ್ ಲೇಖಕ ಆಲ್ಬೆರ್ ಕಮೂ ಹುಟ್ಟಿದ್ದು 1913ರಲ್ಲಿ, ಆಗ ಫ್ರಾನ್ಸಿನ ವಸಾಹತಾಗಿದ್ದ ಅಲ್ಜೀರಿಯಾದಲ್ಲಿ. ಮಗುವಿಗೆ ವರ್ಷ ತುಂಬುವ ಮೊದಲೇ ತಂದೆ ಯುದ್ಧಕ್ಕೆ ಹೋಗಿ ಗಾಯಗೊಂಡು ಸತ್ತ. ತಾಯಿಗೆ ಓದು ಬರಹ ಗೊತ್ತಿಲ್ಲ, ಕಿವಿಯೂ ಸರಿಯಾಗಿ ಕೇಳದು, ಪರರ ಮನೆಯ ಕಸಮುಸುರೆ ಮಾಡಿ ಮಕ್ಕಳನ್ನು ಸಾಕಿದಳು. ಮನೆಯ ಯಜಮಾನಿಕೆಯೆಲ್ಲ ಅಜ್ಜಿಯದು. ಅಲ್ಜಿಯರ್ಸ್ ನಗರದ ಬೆಲ್ಕೂರ್ ಎಂಬ ಬಡವರ ಬಡಾವಣೆಯ ಪ್ರಾಥಮಿಕ ಶಾಲೆ ಮುಗಿದ ಮೇಲೆ ಅಂಥ ಮನೆಯ ಹುಡುಗ ಯಾವುದಾದರೂ ಕಸುಬಿಗೆ ಸೇರಬೇಕಿತ್ತು. ಲಿಸೆ, ಅಂದರೆ ಅಲ್ಲಿನ ಪ್ರೌಢಶಾಲೆ, ವಿದ್ಯಾರ್ಥಿವೇತನವಿಲ್ಲದೆ ಕನಸಿಗೂ ಎಟುಕದ್ದು. ಲೂಯಿ ಜರ್ಮೇನ್ ಎಂಬ ಮೇಷ್ಟ್ರು ಶಾಲೆ ಬಿಟ್ಟ ಮೇಲೆ ಕಾಸು ತೆಗೆದುಕೊಳ್ಳದೆ ಪಾಠ ಹೇಳಿ ಆ ಹುಡುಗನನ್ನು 1924ರ ವಿದ್ಯಾರ್ಥಿವೇತನ ಪರೀಕ್ಷೆಗೆ ಕೂರಿಸಿದರು. ಹುಡುಗ ಪಾಸಾದ. 1957ರಲ್ಲಿ ನೊಬೆಲ್ ಬಹುಮಾನ ಬಂತು. ಗದ್ದಲವೆಲ್ಲ ತುಸು ತಣ್ಣಗಾದ ಮೇಲೆ, ನವೆಂಬರ್ 19ರಂದು, ಕಮೂ ತನ್ನ ಮೇಷ್ಟ್ರಿಗೆ ಒಂದು ಪುಟ್ಟ ಪತ್ರ ಬರೆದ. ಸುದ್ದಿ ಕೇಳಿದಾಗ ಮೊದಲು ನೆನಪಾದದ್ದು ತಾಯಿ, ಆಮೇಲೆ ನೀವು ಎಂಬುದು ಅದರ ಸಾರ. ನೊಬೆಲ್ ಭಾಷಣಗಳ ಪುಸ್ತಕವನ್ನೂ ಅವರಿಗೇ ಅರ್ಪಿಸಿದ. ಇನ್ನು ನಿಮ್ಮ ಪ್ರಶ್ನೆ. ಕಮೂ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1994ರಲ್ಲಿ ಅಚ್ಚಾದ 'ದಿ ಫಸ್ಟ್ ಮ್ಯಾನ್' ಎಂಬ ಅಪೂರ್ಣ ಕಾದಂಬರಿಯಲ್ಲಿ ಆ ತರಗತಿಯ ವರ್ಣನೆ ಪುಟಗಟ್ಟಲೆ ಬರುತ್ತದೆ. ಅಲ್ಲಿ ಮೇಷ್ಟ್ರ ಹೆಸರು ಬರ್ನಾರ್. ಆದರೆ ತಿದ್ದದೆ ಉಳಿದ ಹಸ್ತಪ್ರತಿ ನೋಡಿ, ಕೆಲವು ಕಡೆ ಬರೆಯುತ್ತ ಬರೆಯುತ್ತ ಲೇಖಕ ನಿಜ ಹೆಸರನ್ನೇ ಬರೆದುಬಿಟ್ಟಿದ್ದಾನೆ. ಮಕ್ಕಳನ್ನು ಲೋಕ ಅರಿಯಲು ಯೋಗ್ಯರಾದವರು ಎಂದು ಎಣಿಸಿ ಕಲಿಸಿದ ತರಗತಿ ಅದು ಎಂಬುದು ಆ ಪುಟಗಳ ತಿರುಳು. ದಿನದ ಪಾಠ ಎಷ್ಟು ದೊಡ್ಡದೆಂದು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಆದರೆ ಪಾಠ ಅಷ್ಟಕ್ಕೇ ನಿಂತು, ಪರೀಕ್ಷೆಯ ಅರ್ಜಿ ಹೋಗದೆ ಇದ್ದಿದ್ದರೆ? ಆ ಪುಟಗಳನ್ನು ಬರೆಯುವ ಕೈಯೇ ಇರುತ್ತಿರಲಿಲ್ಲ. ಯಾವ ಮಗು ಮುಂದೆ ಹೋಗಬಲ್ಲದು ಎಂದು ಮೇಷ್ಟ್ರಿಗೆ ಗೊತ್ತಾಗುವುದು ದಿನದ ಪಾಠದಲ್ಲೇ, ಒಪ್ಪಿದೆ. ಗೊತ್ತಾದ ಮೇಲೆ ಏನು ಮಾಡಿದರು ಎನ್ನುವುದು ಬೇರೆ ಸಂಗತಿ. ಚೆನ್ನಾಗಿ ಕಲಿಸಿ, ಏಳನೇ ಕ್ಲಾಸಿನ ಕೊನೆಗೆ ಮಗು ಕೂಲಿಗೆ ಹೋಗುವುದನ್ನು ನೋಡಿ ಮರುಗಿ ಸುಮ್ಮನಾದವರೂ ಬೇಕಾದಷ್ಟು ಜನ ಇದ್ದರು.

— ಮರುಗಿ ಸುಮ್ಮನಾದವರು ಎಂದು ಬಲು ಸಲೀಸಾಗಿ ಹೇಳಿದಿರಿ. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ನೋಡಿಕೊಳ್ಳುವ ಮೇಷ್ಟ್ರು ಎಷ್ಟು ಮನೆಗೆ ಹೋದಾರು? ಹೋಗಲಿ, ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಿಮ್ಮ ಸಾಕ್ಷಿ ಒಂದು ಕಾದಂಬರಿ. ಕಾದಂಬರಿಯಲ್ಲಿ ಮೇಷ್ಟ್ರು ಏನು ಬೇಕಾದರೂ ಮಾಡಬಹುದು.

— ಒಳ್ಳೆಯ ಕಡೆ ಕೈಯಿಟ್ಟಿರಿ. ಕಾದಂಬರಿಯಲ್ಲಿ ಮೇಷ್ಟ್ರು ಹುಡುಗನ ಮನೆಗೆ ಬರುತ್ತಾರೆ, ದುಡಿಮೆಗೆ ಕಳಿಸಬೇಕೆಂದು ಹಟ ಹಿಡಿದ ಅಜ್ಜಿಯ ಹತ್ತಿರ ಮಾತಾಡಿ ಒಪ್ಪಿಸುತ್ತಾರೆ. ಅದೇ ಪುಸ್ತಕದ ಅನುಬಂಧದಲ್ಲಿ ಜರ್ಮೇನ್ 1959ರ ಏಪ್ರಿಲ್‌ನಲ್ಲಿ ಬರೆದ ಪತ್ರವೂ ಅಚ್ಚಾಗಿದೆ. ಅದರಲ್ಲಿ ಮುದುಕ ಮೇಷ್ಟ್ರು ಹೇಳುವುದು ಬೇರೆ: ನಿಮ್ಮ ಮನೆಯ ಬಡತನ ನನಗೆ ತಿಳಿದೇ ಇರಲಿಲ್ಲ, ವಿದ್ಯಾರ್ಥಿವೇತನದ ಪಟ್ಟಿಗೆ ಹೆಸರು ಸೇರಿಸುವ ವಿಷಯಕ್ಕೆ ನಿಮ್ಮ ತಾಯಿ ನನ್ನನ್ನು ಕಾಣಲು ಬಂದಾಗಲೇ ಸ್ವಲ್ಪ ಅಂದಾಜಾಯಿತು, ಅಲ್ಲಿಯವರೆಗೆ ನೀವೂ ಎಲ್ಲರ ಹಾಗೇ ಕಾಣುತ್ತಿದ್ದಿರಿ. ಎಂದರೆ ಶಿಷ್ಯನ ನೆನಪಿನಲ್ಲಿ ಮೇಷ್ಟ್ರು ಮನೆಯ ಮೆಟ್ಟಿಲು ಹತ್ತಿ ಬರುತ್ತಾರೆ. ಮೇಷ್ಟ್ರ ನೆನಪಿನಲ್ಲಿ ತಾಯಿ ಶಾಲೆಯ ಮೆಟ್ಟಿಲು ಹತ್ತುತ್ತಾಳೆ. ಎರಡೂ ನಡೆದಿರಬಹುದು. ಆದರೆ ಒಬ್ಬರಿಗೆ ಮರೆಯಲಾಗದ್ದು ಇನ್ನೊಬ್ಬರಿಗೆ ಬರೆಯುವಷ್ಟು ದೊಡ್ಡದಾಗಿ ಕಂಡಿಲ್ಲ. ಆ ಪತ್ರದಲ್ಲಿ ಜರ್ಮೇನ್‌ಗೆ ಹೆಮ್ಮೆ ಇರುವುದು ಬೇರೊಂದರ ಮೇಲೆ: ತನ್ನ ನಂಬಿಕೆಗಳನ್ನು ಮಕ್ಕಳ ಮೇಲೆ ಹೇರಲಿಲ್ಲ, ತಮ್ಮ ಸತ್ಯವನ್ನು ತಾವೇ ಹುಡುಕಿಕೊಳ್ಳುವ ಹಕ್ಕನ್ನು ಗೌರವಿಸಿದೆ ಎಂಬುದು. ಧರ್ಮಾತೀತ ಶಾಲೆಗೆ ಬಂದಿರುವ ಅಪಾಯದ ಬಗ್ಗೆ ಆತಂಕಪಡುತ್ತಾರೆ. ಹಾಗಾಗಿ ಕಾದಂಬರಿಯನ್ನು ಅಕ್ಷರಶಃ ನಂಬಿ ಎಂದು ನಾನು ಹೇಳುವುದಿಲ್ಲ. ಬಾಗಿಲು ತಟ್ಟಿದವರು ಯಾರು ಎಂಬುದರಲ್ಲಿ ನೆನಪುಗಳು ಬೇರೆಯಾದರೂ, ಪಟ್ಟಿಗೆ ಹೆಸರು ಸೇರಿತು, ಪರೀಕ್ಷೆ ಆಯಿತು, ಫಲ ಬಂತು ಎಂಬುದರಲ್ಲಿ ಎರಡಕ್ಕೂ ಭೇದವಿಲ್ಲ. ನನಗೆ ಬೇಕಾದ ಕೆಲಸ ಅಲ್ಲಿದೆ, ಎರಡು ಕಡೆಯ ಸಾಕ್ಷಿಯೊಂದಿಗೆ ಇದೆ. ಗುಣಗಳ ಪಟ್ಟಿಗೆ ಇಂಥ ಪಾಟೀಸವಾಲು ಮಾಡಲು ಬರುವುದಿಲ್ಲ. 'ನಿಸ್ವಾರ್ಥಿ' ಎಂದರೆ ಹೌದು ಎನ್ನಬೇಕು, ಅಷ್ಟೆ.

— ಆ ಜರ್ಮೇನ್ ಹುಡುಗರಿಗೆ ಹೊಡೆಯುತ್ತಿದ್ದರು ಎಂದೂ ಆ ಕಾದಂಬರಿಯಲ್ಲೇ ಇದೆ ಅಲ್ಲವೆ? ಪಟ್ಟಿಯಿಂದ, ಹಿಂಭಾಗಕ್ಕೆ. ಅದಕ್ಕೊಂದು ಮುದ್ದಿನ ಹೆಸರೂ ಇತ್ತಂತೆ.

— ಇತ್ತು, ಮಿಠಾಯಿಯ ಹೆಸರು. ಹೊಡೆತದ ನೆನಪನ್ನು ನಮ್ಮವರು ಬಣ್ಣ ಬಳಿದು ಬರೆಯುತ್ತಾರೆ, ಪೆಟ್ಟು ತಿಂದಿದ್ದಕ್ಕೇ ಮನುಷ್ಯರಾದೆವು ಎನ್ನುತ್ತಾರೆ. ಆ ಸಾಲು ಕಂಡಾಗಲೆಲ್ಲ ನನಗೆ ಅನುಮಾನ ಬರುತ್ತದೆ, ಯಾಕೆಂದರೆ ಪೆಟ್ಟಿಗೆ ಹೆದರಿ ಶಾಲೆ ಬಿಟ್ಟವರು ಸ್ಮರಣ ಸಂಚಿಕೆಗೆ ಲೇಖನ ಕಳಿಸುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ದಂಡನೆಯನ್ನು ನಿಷೇಧಿಸಿದ್ದು 2009ರಲ್ಲಿ. ಅದಕ್ಕೆ ಮೊದಲೂ ಅದು ಸರಿಯಾಗಿರಲಿಲ್ಲ. ನನ್ನ ಅಳತೆಗೋಲು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗುಣದ ದೃಷ್ಟಿಯಿಂದ ನೆನೆದರೆ ಬೆತ್ತವನ್ನು 'ಶಿಸ್ತು' ಎಂದು ಒಳಗೆ ಸೇರಿಸಬೇಕಾಗುತ್ತದೆ, ಇಲ್ಲವೆ ಮುಚ್ಚಿಡಬೇಕಾಗುತ್ತದೆ. ಕೆಲಸದ ದೃಷ್ಟಿಯಿಂದ ನೆನೆದರೆ ಎರಡೂ ಬೇಕಿಲ್ಲ. ಇದನ್ನು ಮಾಡಿದರು, ಅದನ್ನೂ ಮಾಡಿದರು ಎಂದು ಬರೆಯಬಹುದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಅಬ್ದುಲ್ ಕಲಾಂ ಅವರ ಆತ್ಮಕಥೆ 'ವಿಂಗ್ಸ್ ಆಫ್ ಫೈರ್' ನೋಡಿ. ರಾಮೇಶ್ವರದ ಪ್ರಾಥಮಿಕ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರೊಬ್ಬರು, ಮುಸ್ಲಿಂ ಹುಡುಗ ಅರ್ಚಕರ ಮಗನ ಪಕ್ಕ ಕೂರಬಾರದೆಂದು ಅವನನ್ನು ಹಿಂದಿನ ಬೆಂಚಿಗೆ ಕಳಿಸುತ್ತಾರೆ. ಅದೇ ಊರಿನಲ್ಲಿ ಶಿವಸುಬ್ರಮಣ್ಯ ಅಯ್ಯರ್ ಎಂಬ ವಿಜ್ಞಾನದ ಮೇಷ್ಟ್ರು ಅವನನ್ನು ಮನೆಗೆ ಊಟಕ್ಕೆ ಕರೆಯುತ್ತಾರೆ. ಹೆಂಡತಿ ತನ್ನ ಅಡುಗೆಮನೆಯಲ್ಲಿ ಬಡಿಸಲು ಒಪ್ಪದಿದ್ದಾಗ ತಾವೇ ಬಡಿಸಿ, ಪಕ್ಕದಲ್ಲಿ ಕೂತು ಊಟ ಮಾಡುತ್ತಾರೆ. ಅಯ್ಯರ್ ಉದಾರಿ ಎಂದಷ್ಟೇ ಕಲಾಂ ಬರೆದಿದ್ದರೆ ನಾವು ಮರೆತುಬಿಡುತ್ತಿದ್ದೆವು. ಬಡಿಸಿದ ಕೈ ಯಾರದು ಎಂದು ಬರೆದಿದ್ದಾರೆ, ಅದಕ್ಕೇ ಉಳಿದಿದೆ. ಹಿಂದಿನ ಬೆಂಚಿಗೆ ಕಳಿಸಿದವರನ್ನೂ ಅದೇ ತಣ್ಣನೆಯ ದನಿಯಲ್ಲಿ ಬರೆದಿದ್ದಾರೆ.

— ಸರಿ. ಈಗ ನನ್ನ ಮುಖ್ಯ ಆಕ್ಷೇಪ ಕೇಳಿ. ನೀವು ಕೊಡುತ್ತಿರುವ ಹೆಸರುಗಳೆಲ್ಲ ಗೆದ್ದವರವು. ನೊಬೆಲ್ ಪಡೆದವನು, ರಾಷ್ಟ್ರಪತಿಯಾದವರು. ಮೇಷ್ಟ್ರು ಯಾರನ್ನು ಆರಿಸಿದರೋ ಅವರು ಬರೆದರು. ಆರಿಸದವರು? ನಿಮ್ಮ ಬಾಗಿಲು ತೆರೆಯುವ ಮೇಷ್ಟ್ರು ಇನ್ನೊಂದು ಕಡೆಯಿಂದ ನೋಡಿದರೆ ನಲವತ್ತು ಮಕ್ಕಳಲ್ಲಿ ಒಂದನ್ನು ಎತ್ತಿ ಮೂವತ್ತೊಂಬತ್ತನ್ನು ಬಿಟ್ಟವರು. ಇದನ್ನು ಪಕ್ಷಪಾತ ಎನ್ನದೆ ಏನೆನ್ನಬೇಕು?

— ಈ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. 'ದಿ ಫಸ್ಟ್ ಮ್ಯಾನ್' ಕಾದಂಬರಿಯಲ್ಲಿ ಬರ್ನಾರ್ ಮೇಷ್ಟ್ರು ಪರೀಕ್ಷೆಗೆ ತಯಾರು ಮಾಡುವುದು ನಾಲ್ಕು ಹುಡುಗರನ್ನು. ಮೂವರು ಪಾಸಾಗುತ್ತಾರೆ, ಒಬ್ಬ ಆಗುವುದಿಲ್ಲ. ಆ ನಾಲ್ಕನೆಯವನ ಕಡೆಯಿಂದ ಯಾರೂ ಪತ್ರ ಬರೆದಿಲ್ಲ. ಉಳಿದ ತರಗತಿಯದಂತೂ ಮಾತೇ ಇಲ್ಲ. ಪಕ್ಷಪಾತ ಅಲ್ಲಿ ಗುಟ್ಟಾಗಿಯೂ ಇರಲಿಲ್ಲ. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಮಕ್ಕಳ ಕಡೆಗೆ ತನ್ನ ಮನಸ್ಸು ವಾಲುತ್ತದೆ, ಅವರ ತಂದೆಯರ ಜೊತೆ ತಾನೂ ಕಾದಾಡಿ ಬದುಕಿ ಬಂದವನು ಎಂದು ಆ ಮೇಷ್ಟ್ರು ತರಗತಿಯ ಎದುರೇ ಒಪ್ಪಿಕೊಳ್ಳುತ್ತಾರೆ. ಇನ್ನೂ ಹೊರಗೆ ಹೋಗಿ ನೋಡಿ. ಅಲ್ಜೀರಿಯಾದ ಅರಬ್ ಮತ್ತು ಬೆರ್ಬೆರ್ ಮಕ್ಕಳಲ್ಲಿ ಬಹುಪಾಲಿಗೆ ಆಗ ಶಾಲೆಯೇ ಇರಲಿಲ್ಲ. ಅಂಥ ನಾಡಿನಲ್ಲಿ ಬಡ ಯುರೋಪಿಯನ್ ಹುಡುಗನೊಬ್ಬನಿಗೆ ಬಾಗಿಲು ತೆರೆದದ್ದು ಎಷ್ಟು ನಿಜವೋ, ಆ ಬಾಗಿಲಿರುವ ಓಣಿಗೇ ಬರಲಾಗದ ಮಕ್ಕಳು ಇದ್ದದ್ದೂ ಅಷ್ಟೇ ನಿಜ. ನಮ್ಮಲ್ಲಿ ಆ ಓಣಿಯನ್ನು ಕಾಯ್ದದ್ದು ಜಾತಿ. ಅಂಬೇಡ್ಕರ್ ತಮ್ಮ ಬಾಲ್ಯದ ಬಗ್ಗೆ ಬರೆಯುತ್ತ, ಮನೆಯಿಂದ ತಂದ ಗೋಣಿಚೀಲದ ಮೇಲೆ ಬೇರೆಯಾಗಿ ಕೂರಬೇಕಿತ್ತು, ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ನೀರೂ ಇಲ್ಲ ಎಂದಿದ್ದಾರೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಓದಿದವರಿಗೆ ಶಾಲೆಯ ಸವಿನೆನಪು ಎಂಬ ಮಾತು ಬಾಯಿಗೆ ಬರುವುದು ಕಷ್ಟ. ಇಂಥಲ್ಲಿ ಗುರುಸ್ತುತಿಯ ಪರಂಪರೆ ಒಂದು ಮೋಸ ಮಾಡುತ್ತದೆ. ಮೇಷ್ಟ್ರು ಎಲ್ಲರಿಗೂ ಮೇಷ್ಟ್ರಾಗಿದ್ದರು ಎಂದು ಒಪ್ಪಿಸಿಬಿಡುತ್ತದೆ. ಏನು ಮಾಡಿದರು ಎಂಬ ಪ್ರಶ್ನೆ ಅದಕ್ಕೆ ಅವಕಾಶ ಕೊಡುವುದಿಲ್ಲ, ಯಾಕೆಂದರೆ ಯಾರಿಗೆ ಮಾಡಿದರು, ಯಾರಿಗೆ ಮಾಡಲಿಲ್ಲ ಎಂಬುದು ಅದರ ಬೆನ್ನಿಗೇ ಬರುತ್ತದೆ. ನಿಮ್ಮ ಆಕ್ಷೇಪ ಹುಟ್ಟಿದ್ದೂ ನನ್ನ ಪ್ರಶ್ನೆಯಿಂದಲೇ ಎಂಬುದನ್ನು ಮರೆಯಬೇಡಿ.

— ಅಂಬೇಡ್ಕರ್ ಅವರ ಹೆಸರು ಬಂತಲ್ಲ, ಅವರಿಗೂ ಒಬ್ಬ ಮೇಷ್ಟ್ರು ನೆರವಾದರು ಎಂದು ಎಲ್ಲರೂ ಹೇಳುತ್ತಾರೆ.

— ನೆರವಾದರು, ಆದರೆ ಹೇಗೆ ಎಂದು ನೋಡಿ. ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಮುಂಬಯಿಯ ವಿಲ್ಸನ್ ಹೈಸ್ಕೂಲಿನಲ್ಲಿದ್ದರು. ಅಂಬೇಡ್ಕರ್ ಓದಿದ್ದು ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ. ಅಂದರೆ ಅವರ ತರಗತಿಯ ಮೇಷ್ಟ್ರೇ ಅಲ್ಲ. ಹುಡುಗನ ಪರೀಕ್ಷೆಯ ಯಶಸ್ಸಿಗೆ ಸಮುದಾಯದವರು ನಡೆಸಿದ ಸಭೆಯಲ್ಲಿ ಕೇಳುಸ್ಕರ್ ತಾವು ಮರಾಠಿಯಲ್ಲಿ ಬರೆದ ಬುದ್ಧಚರಿತ್ರೆಯನ್ನು ಅವನ ಕೈಗಿತ್ತರು. ಮುಂದೆ ಕಾಲೇಜಿನ ಓದು ಕುಂಟಿದಾಗ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಳಿಗೆ ಕರೆದೊಯ್ದು ತಿಂಗಳಿಗೆ 25 ರೂಪಾಯಿಯ ವಿದ್ಯಾರ್ಥಿವೇತನ ಕೊಡಿಸಿದರು. ತಮ್ಮ ಕೊನೆಯ ದೊಡ್ಡ ಗ್ರಂಥವಾದ 'ಬುದ್ಧ ಮತ್ತು ಅವನ ಧಮ್ಮ'ಕ್ಕೆ ಬರೆದ ಮುನ್ನುಡಿಯಲ್ಲಿ ಅಂಬೇಡ್ಕರ್ ಆ ಪುಸ್ತಕದ ಉಡುಗೊರೆಯನ್ನು ನೆನೆಯುತ್ತಾರೆ. ಒಂದು ಪುಸ್ತಕ, 25 ರೂಪಾಯಿ, ಒಂದು ಭೇಟಿ. ವರ್ಷಗಟ್ಟಲೆ ಪಾಠ ಹೇಳಿದವರಿಗಿಂತ ಒಂದು ಗಂಟೆಯೂ ಪಾಠ ಹೇಳದವರು ಇಲ್ಲಿ ಮೇಷ್ಟ್ರಾಗಿ ಉಳಿದರು ಎಂಬುದು ನನ್ನ ವಾದಕ್ಕೆ ಸಿಕ್ಕ ಅತಿ ಗಟ್ಟಿ ಸಾಕ್ಷಿ ಎಂದುಕೊಂಡಿದ್ದೇನೆ. ನಮ್ಮ ಎಚ್. ನರಸಿಂಹಯ್ಯನವರ ಪ್ರಕರಣವೂ ಹೀಗೆಯೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಬಸ್ಸಿಗೆ ಕಾಸಿಲ್ಲದೆ 1935ರಲ್ಲಿ ಬೆಂಗಳೂರಿನವರೆಗೆ ನಡೆದೇ ಬಂದ ಕತೆ ಎಲ್ಲರಿಗೂ ಗೊತ್ತು. ಆ ನಡಿಗೆಗೆ ಒಂದು ವಿಳಾಸವಿತ್ತು ಎಂಬುದನ್ನು ಮಾತ್ರ ಭಾಷಣಕಾರರು ಬಿಡುತ್ತಾರೆ. ಹುಡುಗನಿಗೆ ಗೊತ್ತಿದ್ದ ಮೇಷ್ಟ್ರೊಬ್ಬರು ಆಗ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಕಾಲು ಹುಡುಗನದು, ಆದರೆ ಆ ಕಡೆ ಬಾಗಿಲಲ್ಲಿ ಒಬ್ಬರು ಇಲ್ಲದಿದ್ದರೆ ಅಷ್ಟು ದೂರದ ನಡಿಗೆ ಎಲ್ಲಿ ಮುಟ್ಟುತ್ತಿತ್ತು?

— ಇದನ್ನೆಲ್ಲ ಒಪ್ಪಿದರೂ, ಇದು ಹಳೆಯ ಕಾಲದ ಮಾತು. ಆಗ ಬಾಗಿಲು ಮುಚ್ಚಿತ್ತು, ಯಾರಾದರೂ ತೆರೆಯಬೇಕಿತ್ತು. ಈಗ ಸರ್ಕಾರ ಬಿಸಿಯೂಟ ಕೊಡುತ್ತದೆ, ಪುಸ್ತಕ ಕೊಡುತ್ತದೆ, ಓದು ಹಕ್ಕಾಗಿದೆ. ನಿಮ್ಮ ಮೇಷ್ಟ್ರಿಗೆ ಇನ್ನೇನು ಕೆಲಸ?

— ಬದಲಾವಣೆ ದೊಡ್ಡದೇ. ಇನ್ನೊಂದು ಮಾತೂ ಸೇರಿಸುತ್ತೇನೆ: ಅಂಥ ಮೇಷ್ಟ್ರುಗಳಿಗೆ ನಾವು ಕಟ್ಟಿದ ನಿಜವಾದ ಸ್ಮಾರಕ ಅದು. ಹಿಂದೆ ಒಬ್ಬ ಮೇಷ್ಟ್ರು ತನ್ನ ಜೇಬಿನಿಂದ, ತನ್ನ ಮನೆಯ ಅನ್ನದಿಂದ ಒಂದು ಮಗುವಿಗೆ ಮಾಡಿದ್ದನ್ನು ಸರ್ಕಾರ ಎಲ್ಲ ಮಕ್ಕಳಿಗೂ ಮಾಡಬೇಕಾದ ಕರ್ತವ್ಯವೆಂದು ಒಪ್ಪಿಕೊಂಡಿತು. ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ಮೊದಲು ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಯಿತು. 2006-07ರಲ್ಲಿ ಎಂಟನೇ ತರಗತಿಗೆ ಬಂದವರಿಗೆ ಸೈಕಲ್ ಬಂತು. ಎಂಟನೆಯದಕ್ಕೇ ಏಕೆ? ಓದು ಕಡಿದುಹೋಗುವ ಜಾಗ ಅದು ಎಂದು ಹಳ್ಳಿಯ ಪ್ರತಿ ಮೇಷ್ಟ್ರಿಗೂ ಗೊತ್ತಿತ್ತು. ಏಳು ಮುಗಿಯುವವರೆಗೆ ಶಾಲೆ ಊರಲ್ಲೇ ಇರುತ್ತದೆ, ಹೈಸ್ಕೂಲು ಹೋಬಳಿಯಲ್ಲಿ. ನಡುವಿನ ನಾಲ್ಕಾರು ಮೈಲಿಯಲ್ಲಿ ಹೆಣ್ಣುಮಕ್ಕಳ ಓದು ಮುಗಿಯುತ್ತಿತ್ತು. ಒಬ್ಬರ ದಯೆಯಲ್ಲಿದ್ದದ್ದು ಹೀಗೆ ಎಲ್ಲರ ಹಕ್ಕಾದರೆ ಪಕ್ಷಪಾತದ ನಿಮ್ಮ ಆಕ್ಷೇಪಕ್ಕೆ ಅರ್ಧ ಉತ್ತರ ಸಿಕ್ಕ ಹಾಗೆ. ಇನ್ನರ್ಧ ಉಳಿದಿದೆ. 2009ರ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರೆಗೆ ಮಾತ್ರ ಹಕ್ಕು ಕೊಡುತ್ತದೆ, ಅಂದರೆ ಎಂಟನೇ ತರಗತಿಯ ತನಕ. ಹೊಸ್ತಿಲು ಹೋಗಲಿಲ್ಲ, ಒಂಬತ್ತಕ್ಕೆ, ಎಸ್ಸೆಸ್ಸೆಲ್ಸಿಗೆ, ಪಿಯುಸಿಗೆ ಸರಿಯಿತು. ಗುಳೆ ಹೋಗುವ ಮನೆಯ ಮಗು ಬಿತ್ತನೆ ಮುಗಿದ ಮೇಲೆ ಶಾಲೆಯಲ್ಲಿರುವುದಿಲ್ಲ ಎಂದು ಯಾವ ಯೋಜನೆಗೂ ಮೊದಲು ಗೊತ್ತಾಗುವುದು ಹಾಜರಿ ಕರೆಯುವವರಿಗೆ. ಹದಿನಾರರ ಹುಡುಗಿ ಎರಡು ವಾರ ಬಾರದಿದ್ದರೆ ಮನೆಯಲ್ಲಿ ಮದುವೆಯ ಮಾತು ನಡೆದಿದೆಯೇ ಎಂದು ಅನುಮಾನ ಬರಬೇಕಾದ್ದೂ ಅವರಿಗೇ. ಸೈಕಲ್ ಹಂಚಲು ಆದೇಶ ಸಾಕು. ಅನುಮಾನ ಬಂದು, ಆ ಮನೆಗೆ ಹೋಗಿ, ತಂದೆಯ ಸಿಟ್ಟು ಎದುರಿಸುವುದಕ್ಕೆ ಆದೇಶ ಸಾಲದು.

— ಆದರೆ ಆ ಮೇಷ್ಟ್ರು ಈಗ ಗಣತಿಯ ಕೆಲಸದಲ್ಲಿರುತ್ತಾರೆ, ಚುನಾವಣೆಯ ಕೆಲಸದಲ್ಲಿರುತ್ತಾರೆ, ಮೊಟ್ಟೆಯ ಲೆಕ್ಕ ಬರೆಯುತ್ತಿರುತ್ತಾರೆ. ಅತಿಥಿ ಶಿಕ್ಷಕರಾದರೆ ಮುಂದಿನ ವರ್ಷ ಅದೇ ಶಾಲೆಯಲ್ಲಿರುತ್ತಾರೋ ಇಲ್ಲವೋ ಗೊತ್ತಿಲ್ಲ.

— ಅದನ್ನೇ ಸೆಪ್ಟೆಂಬರ್ 5ರ ಭಾಷಣಗಳಲ್ಲಿ ಹೇಳಬೇಕು. ಆ ದಿನವನ್ನು 1962ರಿಂದ ರಾಧಾಕೃಷ್ಣನ್ ಅವರ ಹೆಸರಲ್ಲಿ ಆಚರಿಸುತ್ತೇವೆ. 1921ರಲ್ಲಿ ಅವರು ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ಸಾರೋಟನ್ನು ತಾವೇ ಎಳೆದರು ಎಂಬ ಕತೆ ಪ್ರತಿ ವರ್ಷ ಬರುತ್ತದೆ. ಕತೆ ಚೆನ್ನಾಗಿದೆ. ಆದರೆ ಸಾರೋಟು ಎಳೆದವರು ಕಾಲೇಜಿನ ಒಳಗೆ ಆಗಲೇ ಬಂದಿದ್ದ ಹುಡುಗರು. ಅವರನ್ನು ಕಾಲೇಜಿನ ಬಾಗಿಲವರೆಗೆ ತಂದು ಬಿಟ್ಟ ಹಳ್ಳಿಪಟ್ಟಣಗಳ ಮೇಷ್ಟ್ರುಗಳ ಹೆಸರು ಯಾವ ದಿನಕ್ಕೂ ಅಂಟಿಕೊಂಡಿಲ್ಲ. ಇದು ರಾಧಾಕೃಷ್ಣನ್ ಅವರ ಮೇಲಿನ ದೂರಲ್ಲ. ನಾವು ವಾಗ್ಮಿಯನ್ನು ನೆನೆಯುವಷ್ಟು ಸುಲಭವಾಗಿ ಅರ್ಜಿ ತುಂಬಿಸಿದವರನ್ನು ನೆನೆಯುವುದಿಲ್ಲ ಎನ್ನುತ್ತಿದ್ದೇನೆ. ಶಾಲಾ ಮೇಷ್ಟ್ರು ಎಂದರೆ ತ್ಯಾಗಮೂರ್ತಿ ಎಂದು ಹಾಡಿಕೊಂಡಿದ್ದರೆ ಮೂರ್ತಿಗೆ ಸಂಬಳ ಕೊಡದಿದ್ದರೂ ನಡೆಯುತ್ತದೆ, ವರ್ಷಕ್ಕೊಮ್ಮೆ ಶಾಲು ಹೊದಿಸಿದರೆ ಸಾಕು. ಮಾಡಿದ ಕೆಲಸ ಹೆಸರಿಸಿ ನೆನೆದರೆ, ಆ ಕೆಲಸಕ್ಕೆ ಬಿಡುವು ಬೇಕು, ಒಂದೇ ಊರಲ್ಲಿ ನಾಲ್ಕು ವರ್ಷ ನಿಲ್ಲುವ ನೌಕರಿ ಬೇಕು ಎಂಬ ಲೆಕ್ಕವೂ ಜೊತೆಗೇ ಬರುತ್ತದೆ.

— ಹಾಗಾದರೆ ನಿಮ್ಮ ಕೈಗೆ ಒಂದು ಸ್ಮರಣ ಸಂಚಿಕೆ ಕೊಟ್ಟರೆ ಏನು ಮಾಡುತ್ತೀರಿ?

— ಲೇಖನ ಕೇಳುವ ಮೊದಲು ಶಾಲೆಯ ದಾಖಲಾತಿ ಪುಸ್ತಕ ತೆಗೆಸುತ್ತೇನೆ. ಅದರಲ್ಲಿ ಸೇರಿದ ದಿನದ ಜೊತೆಗೆ ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ ಬರೆಯಲು ಜಾಗವಿರುತ್ತದೆ. ಯಾವ ವರ್ಷ ಎಷ್ಟು ಹೆಸರು ನಡುವೆ ನಿಂತವು, ಯಾವ ವರ್ಷ ಕಡಿಮೆಯಾದವು ಎಂದು ಬರೆದಿಡುತ್ತೇನೆ. ಕಡಿಮೆಯಾದ ವರ್ಷಗಳಲ್ಲಿ ಯಾರು ಮೇಷ್ಟ್ರಾಗಿದ್ದರು ಎಂದು ನೋಡುತ್ತೇನೆ. ಮಳೆ ಬೆಳೆ ಚೆನ್ನಾಗಿದ್ದ ವರ್ಷವೂ ಅದಾಗಿರಬಹುದು, ಆದ್ದರಿಂದ ಅಷ್ಟಕ್ಕೇ ತೀರ್ಪು ಕೊಡುವುದಿಲ್ಲ. ಆ ಸಾಲಿನ ಮಕ್ಕಳಲ್ಲಿ ಈಗ ಇರುವವರನ್ನು ಕೇಳಬೇಕು, ಓದು ಮುಂದುವರಿಸಿದವರನ್ನೂ, ನಡುವೆ ಬಿಟ್ಟವರನ್ನೂ. ನಿಮ್ಮ ಮೇಷ್ಟ್ರು ಹೇಗಿದ್ದರು ಎಂದು ಕೇಳಬಾರದು, ಕೇಳಿದರೆ ಮತ್ತೆ ಬಿಳಿ ಪಂಚೆಯೇ ಬರುತ್ತದೆ. ನೀವು ಶಾಲೆ ಬಿಡುವ ಮಾತು ಮನೆಯಲ್ಲಿ ಬಂದಾಗ ಯಾರು ಏನು ಮಾಡಿದರು ಎಂದು ಕೇಳಬೇಕು.

— ಬಿಟ್ಟವರು 'ಯಾರೂ ಏನೂ ಮಾಡಲಿಲ್ಲ' ಎಂದರೆ? ಅದನ್ನೂ ಅಚ್ಚು ಹಾಕುತ್ತೀರಾ, ಮೇಷ್ಟ್ರ ಫೋಟೋದ ಪಕ್ಕದಲ್ಲಿ?

— ಹಾಕುತ್ತೇನೆ. ಆ ಮೇಷ್ಟ್ರು ಬದುಕಿದ್ದರೆ ಮೊದಲು ಅವರ ಹತ್ತಿರ ಹೋಗಿ ಓದಿ ಹೇಳುತ್ತೇನೆ, ಅವರ ಮಾತಿಗೂ ಜಾಗ ಬಿಡುತ್ತೇನೆ. ಆದರೆ ಇಷ್ಟೆಲ್ಲ ಮಾತಾಡುವ ಮೊದಲು ಒಂದು ಕೆಲಸ ಇದೆ. ನಾಳೆ ನೀವು ಶಾಲೆಯ ಕಡೆ ಹೋಗುತ್ತೀರಲ್ಲ, ಆ ಹಳೆಯ ಪುಸ್ತಕಗಳು ಬೀರುವಿನಲ್ಲಿ ಉಳಿದಿವೆಯೋ ಗೆದ್ದಲು ಹಿಡಿದಿವೆಯೋ ಕೇಳಿಕೊಂಡು ಬನ್ನಿ.